‘ರನ್ನರ್ಸ್ ನೀ’ಗೆ ಕನ್ನಡದಲ್ಲಿ ಏನೆನ್ನಬೇಕು? (ಕರಪತ್ರಕ್ಕೆ, ತುರ್ತು)

ಮಡಿಕೇರಿಯಿಂದ:
ಮಾನ್ಯರೇ, ಇಲ್ಲಿ ಓಟದ ಅಭ್ಯಾಸಕ್ಕೆ ಬರುವವರಿಗೆ ಹಂಚಲು ಒಂದು ಕರಪತ್ರ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಮಂಡಿಚಿಪ್ಪಿನ ಸುತ್ತ ಅಥವಾ ಅದರ ಹಿಂದೆ ಕಾಣಿಸಿಕೊಂಡು, ಇಳಿಜಾರಿನಲ್ಲಿ ಓಡುವಾಗ, ಮೆಟ್ಟಿಲು ಇಳಿಯುವಾಗ, ಬಹಳ ಹೊತ್ತು ಕುಳಿತು ಏಳುವಾಗ ಹೆಚ್ಚುವ ನೋವಿಗೆ ಇಂಗ್ಲಿಷಿನಲ್ಲಿ ‘ರನ್ನರ್ಸ್ ನೀ’ ಎನ್ನುತ್ತಾರೆ. ಹಾಗೆಯೇ ಬರೆದರೆ ಕೊನೆಯ ‘ನೀ’ಯನ್ನು ಜನ ‘ನೀನು’ ಎಂದು ಓದುತ್ತಾರೆ. ‘ಓಟಗಾರನ ಮಂಡಿ’ ಸರಿಯೇ? ಇಂಗ್ಲಿಷ್ ಮೂಲದಲ್ಲಿ ‘ಕನ್ಸರ್ವೇಟಿವ್ ಟ್ರೀಟ್‌ಮೆಂಟ್’ ಇರುವಲ್ಲಿ ‘ಸಾಂಪ್ರದಾಯಿಕ ಚಿಕಿತ್ಸೆ’ ಎಂದು ಹಾಕಿದ್ದೇನೆ. ದಯವಿಟ್ಟು ತಿದ್ದಿಕೊಡಿ.

ಮೈಸೂರಿನಿಂದ:
‘ಸಾಂಪ್ರದಾಯಿಕ ಚಿಕಿತ್ಸೆ’ಯನ್ನು ಮೊದಲು ಹೊಡೆದುಹಾಕಿ. ಅದನ್ನು ಓದಿದವರು ನಾಟಿ ಮದ್ದು, ಎಣ್ಣೆ ತಿಕ್ಕುವುದು ಎಂದೇ ತಿಳಿಯುತ್ತಾರೆ. ಮೂಲದಲ್ಲಿ ಹೇಳಿರುವುದು ಬೇರೆ: ನೋವು ತಗ್ಗುವವರೆಗೆ ಓಟವನ್ನು ಕಡಿಮೆ ಮಾಡುವುದು, ಇಳಿಜಾರನ್ನು ಬಿಡುವುದು, ತೊಡೆಯ ಮುಂಭಾಗದ ಹಾಗೂ ಸೊಂಟದ ಪಕ್ಕದ ಸ್ನಾಯುಗಳಿಗೆ ಬಲ ಬರುವಂತೆ ವಾರಗಟ್ಟಲೆ ವ್ಯಾಯಾಮ ಮಾಡುವುದು, ಬೇಕಾದರೆ ಮಂಡಿಚಿಪ್ಪಿಗೆ ಟೇಪು ಹಾಕುವುದು. ಹೆಜ್ಜೆಯನ್ನು ಚಿಕ್ಕದು ಮಾಡಿ, ನಿಮಿಷಕ್ಕೆ ಇಡುವ ಹೆಜ್ಜೆಗಳನ್ನು ಶೇ. 5ರಿಂದ 10ರಷ್ಟು ಹೆಚ್ಚಿಸಿದರೂ ಮಂಡಿಯ ಮೇಲಿನ ಹೊರೆ ಇಳಿಯುತ್ತದೆ. ‘ಶಸ್ತ್ರಚಿಕಿತ್ಸೆಯಿಲ್ಲದ ಆರೈಕೆ’ ಎಂದರೆ ಎಲ್ಲವೂ ಬಂತು.

‘ಓಟಗಾರನ ಮಂಡಿ’ ಬೇಡವೇ ಬೇಡ. ತಲೆನೋವು, ಹಲ್ಲುನೋವು, ಸೊಂಟನೋವು ಎನ್ನುವವರು ನಾವು. ಅಂಗದ ಹೆಸರು ಹೇಳಿದ ಮಾತ್ರಕ್ಕೆ ಕಾಯಿಲೆ ಆಗುವುದಿಲ್ಲ. ‘ಓಟಗಾರನ’ ಎಂಬುದಂತೂ ಇಲ್ಲಿ ಸಲ್ಲದು, ಏಕೆಂದರೆ ಈ ನೋವು ಹೆಂಗಸರಲ್ಲೇ ಹೆಚ್ಚು. ‘ಓಟದ ಮಂಡಿನೋವು’ ಎಂದು ಬರೆಯಿರಿ.

ಧಾರವಾಡದಿಂದ:
‘ಚಿಕಿತ್ಸೆ’, ‘ಸ್ನಾಯು’ ಸಂಸ್ಕೃತ, ‘ಮಂಡಿ’ ಹಿಂದಿ. ‘ಮೊಣಕಾಲು’ ಎಂಬ ಅಚ್ಚಗನ್ನಡ ಪದ ಕೈಯಲ್ಲಿರುವಾಗ ಈ ಸಾಲವೇಕೆ? ಹೀಗೆ ಒಂದೊಂದೇ ಬಿಟ್ಟುಕೊಟ್ಟು ಕನ್ನಡ ಬಡವಾಯಿತು.

ವಿರಾಜಪೇಟೆಯಿಂದ:
ತಪ್ಪು. ಹಿಂದಿಯಿಂದ ಬಂದದ್ದು ಸಗಟು ವ್ಯಾಪಾರದ ಮಂಡಿ. ಕಾಲಿನ ಮಂಡಿ ದ್ರಾವಿಡದ್ದೇ. ತಮಿಳು, ತೆಲುಗುಗಳಲ್ಲೂ ಅದರ ಬಳಗವಿದೆ. ‘ಮಂಡಿಯೂರು’ ಎನ್ನುವಾಗ ಯಾರೂ ಹಿಂದಿ ಆಡುತ್ತಿಲ್ಲ. ಮೊಣಕಾಲು ಹಳಗನ್ನಡದ ‘ಮೊೞಕಾಲ್’, ಮೊಳದ ನಂಟಿನದು. ಎರಡೂ ನಮ್ಮವೇ ಆಗಿರುವುದರಿಂದ ಈ ಜಗಳಕ್ಕೆ ಬುಡವಿಲ್ಲ. ಸಾಲದ ವಿಷಯಕ್ಕೆ ಬಂದರೆ, ಇಲ್ಲಿ ತೋಟದ ಕೆಲಸದವರೂ ‘ಆಪರೇಷನ್’ ಎನ್ನುತ್ತಾರೆ. ಅವರಿಗೆ ಅರ್ಥವಾಗುವ ಮಾತನ್ನು ಅಚ್ಚಗನ್ನಡದ ಹೆಸರಿನಲ್ಲಿ ಕಿತ್ತುಕೊಂಡರೆ ಬಡವಾಗುವವರು ಓದುಗರು. ಶೀರ್ಷಿಕೆ ಹೀಗಿರಲಿ: ‘ಓಟದ ಮಂಡಿನೋವು: ಆಪರೇಷನ್ ಇಲ್ಲದೆ ಗುಣಪಡಿಸುವುದು ಹೇಗೆ?’

ಇನ್ನೊಂದು ಮಾತು. ‘ಮಂಡಿ ಸವೆತ’ ಎಂದು ಎಲ್ಲಿಯೂ ಬರೆಯಬೇಡಿ. ಅದು ಸಾಮಾನ್ಯವಾಗಿ ವಯಸ್ಸಾದವರ ಕೀಲಿಗೆ ಹೇಳುವ ಮಾತು, ಈ ನೋವೇ ಬೇರೆ. ತಡಿಯಂಡಮೋಳ್ ಬೆಟ್ಟ ಹತ್ತಿ ಇಳಿದ ಮೇಲೆ ಮಂಡಿ ನೋಯುತ್ತಿದೆ ಎಂದು ಬರುವ ಹುಡುಗಿ ‘ಸವೆತ’ ಎಂಬುದನ್ನು ಓದಿದರೆ ಇನ್ನು ಓಡಬಾರದೆಂದೇ ನಂಬಿಬಿಡುತ್ತಾಳೆ. ವ್ಯಾಯಾಮ ಮಾಡಬೇಕಾದ ಕಾಲನ್ನು ಮಡಚದೆ ಕೂರುತ್ತಾಳೆ. ಕೆಳಗಡೆ ದಪ್ಪಕ್ಷರದಲ್ಲಿ ಇಷ್ಟನ್ನು ಸೇರಿಸಿ: ‘ಮಂಡಿ ಊದಿಕೊಂಡರೆ, ಮಡಚಿದ್ದು ಸಿಕ್ಕಿಕೊಂಡರೆ, ಭಾರ ಊರಲಾಗದಿದ್ದರೆ ವ್ಯಾಯಾಮ ನಿಲ್ಲಿಸಿ ವೈದ್ಯರಿಗೆ ತೋರಿಸಿ.’