ಐವತ್ತು ವರ್ಷದ ಬ್ಯಾಂಡಿಗೆ ಒಂಬತ್ತೇ ಆಲ್ಬಮ್ಮಾ?

ಕಣದ ಕಾವಲು, ಸಿದ್ದಾಪುರ
ಮಳೆ ಬಿಡ್ತಾ ಇಲ್ಲ. ತೋಟಕ್ಕೆ ಇಳಿಯುವ ಹಾಗಿಲ್ಲ. ಕೂತು ಕೂತು ಬೇಜಾರಾಗಿ ಒಂದು ಜಗಳ ಶುರು ಮಾಡೋಣ ಅಂತ ಬಂದೆ.

ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಐವತ್ತನೇ ವರ್ಷದ ಟೂರ್ ಮಾಡ್ತಿದೆ. 2025ರ ಮೇ 27ಕ್ಕೆ ಬುಡಾಪೆಸ್ಟ್‌ನಲ್ಲಿ ಶುರುವಾಯ್ತು. ಮೊದಲ ಒಂಬತ್ತು ಆಲ್ಬಮ್ಮಿನ ಹಾಡು ಮಾತ್ರ ಅಂತ ಮುಂಚೆಯೇ ಹೇಳಿಬಿಟ್ಟಿದ್ದರು. ಅಂದ್ರೆ 1980ರಿಂದ 1992. ಮಾಡಿದ್ದು ಒಟ್ಟು 17 ಆಲ್ಬಮ್. ಉಳಿದ ಎಂಟು ಏನು, ಬೇರೆಯವರ ಮಕ್ಕಳಾ?

ಪಟ್ಟಿ ನೋಡಿದೆ. ಹಾಡೂ 17. ಆಲ್ಬಮ್ಮಿಗೊಂದು ಹಾಡು ಅಂದರೂ ಲೆಕ್ಕ ಸರಿಹೋಗ್ತಿತ್ತು! ಅದು ಬಿಟ್ಟು 1984ರ ಒಂದೇ ಆಲ್ಬಮ್ಮಿಂದ ನಾಲ್ಕು. 90ರ ದಶಕದ್ದು 'ಫಿಯರ್ ಆಫ್ ದಿ ಡಾರ್ಕ್' ಒಂದೇ. 2000ದಿಂದ ಈಚೆಗೆ ಸೊನ್ನೆ. ಹಾಡುಗಾರ ಬ್ರೂಸ್ ಡಿಕಿನ್ಸನ್ 1999ರಲ್ಲಿ ವಾಪಸ್ ಬಂದ ಮೇಲೆ ಆರು ಆಲ್ಬಮ್ ಬಂದಿವೆ. ನಾನು ಈ ಬ್ಯಾಂಡಿಗೆ ಬಿದ್ದಿದ್ದೇ ಅದರಲ್ಲಿ ಮೊದಲನೆಯದರಿಂದ. ನನ್ನ ಕಾಲದ ಹಾಡು ಅವರ ಐವತ್ತು ವರ್ಷದ ಲೆಕ್ಕಕ್ಕೆ ಬರಲ್ವಾ?

ಹಳೇ ಕ್ಯಾಸೆಟ್, ಮಡಿಕೇರಿ
ತಮ್ಮಾ, ಒಂದು ಸಲ ಹೊಸದು, ಒಂದು ಸಲ ಹಳೆಯದು, ಇದು ಆ ಬ್ಯಾಂಡಿನ ಸರದಿ. 2005ರಲ್ಲಿ ಮೊದಲ ನಾಲ್ಕು ಆಲ್ಬಮ್ಮಿನ ಹಾಡು ಮಾತ್ರ ನುಡಿಸಿದರು. ಮಾರನೇ ವರ್ಷ ಆಗಷ್ಟೇ ಬಂದಿದ್ದ ಆಲ್ಬಮ್ಮನ್ನು ಮೊದಲಿಂದ ಕೊನೆಯ ತನಕ ನುಡಿಸಿ ಜನರ ಹತ್ತಿರ ಬೈಸಿಕೊಂಡರು. 2008ರಲ್ಲಿ ಮತ್ತೆ ಹಳೆಯದು. 2010ರಲ್ಲಿ ಅಮೆರಿಕದಲ್ಲಿ ಹೆಚ್ಚುಕಮ್ಮಿ ಪೂರ್ತಿ ನಿನ್ನ ಕಾಲದ ಹಾಡುಗಳೇ. 2023ರಲ್ಲಿ ಹೊಸ ಆಲ್ಬಮ್ಮಿಂದ ಐದು, 1986ರ ಆಲ್ಬಮ್ಮಿಂದ ಐದು. ಈಗ ನಮ್ಮ ಸರದಿ. ಅಷ್ಟೇ.

ಇನ್ನೊಂದು ಮಾತು. 1986ರ ಆಲ್ಬಮ್ ನನ್ನ ಕೈಗೆ ಬಂದಿದ್ದು ಮಿಲಿಟರಿಯಲ್ಲಿದ್ದ ಚಿಕ್ಕಪ್ಪ ರಜೆಗೆ ಬಂದಾಗ. ಟ್ರಂಕಿನ ಅಡಿಯಲ್ಲಿ, ರಮ್ ಬಾಟಲಿ ಸುತ್ತಿದ್ದ ಟವೆಲ್ಲಿನ ಪಕ್ಕ. ಕೊನೆಯ ಹಾಡು 'ಅಲೆಕ್ಸಾಂಡರ್ ದಿ ಗ್ರೇಟ್'. ಟೇಪು ಸಿಕ್ಕಿಹಾಕಿಕೊಂಡಾಗೆಲ್ಲ ಪೆನ್ಸಿಲ್ ತೂರಿಸಿ ಸುತ್ತಿದ್ದೀನಿ. ಆ ಹಾಡನ್ನು ಅವರು ಸ್ಟೇಜಿನ ಮೇಲೆ ಮೊದಲ ಸಲ ನುಡಿಸಿದ್ದು ಯಾವಾಗ ಗೊತ್ತಾ? 2023ರಲ್ಲಿ. 37 ವರ್ಷ. ನೀನು ಇನ್ನೂ ಅಷ್ಟು ಕಾದಿಲ್ಲ.

ಪೊನ್ನಂಪೇಟೆ ಪಿಕ್
ಅಂಕಲ್, ಆ 2023ರ ಟೂರಲ್ಲಿ 'ನಂಬರ್ ಆಫ್ ದಿ ಬೀಸ್ಟ್' ಇರಲಿಲ್ಲ, 'ರನ್ ಟು ದಿ ಹಿಲ್ಸ್' ಇರಲಿಲ್ಲ. ಅವತ್ತು ಮೊದಲ ಸಲ ನೋಡೋಕೆ ಹೋದ ಹುಡುಗನ ಗತಿ ಏನು? ನನಗೆ 20 ವರ್ಷ. ಈ ಬ್ಯಾಂಡನ್ನ ನೋಡಿರೋದೆಲ್ಲ ಯೂಟ್ಯೂಬಲ್ಲಿ. ನಾಳೆ ಬೆಂಗಳೂರಿಗೆ ಬಂದ್ರೆ ನನಗೆ ಬೇಕಾಗಿರೋದು ಎಲ್ಲರಿಗೂ ಗೊತ್ತಿರೋ ಹಾಡು. ಅಪರೂಪದ ಹಾಡು ಮನೇಲಿ ಕೇಳ್ತೀನಿ.

ಕಣದ ಕಾವಲು, ಸಿದ್ದಾಪುರ
ಸರದಿ ಅಂತೀರಲ್ಲ ಅಣ್ಣ, ಆ ಸರದಿ ನಮ್ಮ ಕಡೆಗೆ ಬಂದ್ರೆ ತಾನೆ? ಬೆಂಗಳೂರಿಗೆ ಬಂದಿದ್ದು ಎರಡೇ ಸಲ, 2007 ಮತ್ತು 2009. ನಡುವೆ ಒಂದು ಮುಂಬೈ. ಆಮೇಲೆ ಸುದ್ದಿ ಇಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಬಂದು, ಆಮೇಲೆ ಕಾಯಿ ಕಟ್ಟೋಕೆ ಬೇಕಾದ ಬ್ಯಾಕಿಂಗ್ ಮಳೆ ಬಾರದ ಹಾಗೆ ಆಗಿದೆ ನಮ್ಮ ಕತೆ.

ಮೂರನೇ ತಿರುವು, ವಿರಾಜಪೇಟೆ
2007ರ ವಿಷಯ ಬಂತು, ಅದಕ್ಕೇ ಬಾಯಿ ಬಿಡ್ತಿದ್ದೀನಿ. ನಾನು ಹೋಗಿದ್ದೆ. ಮಾರ್ಚ್ 17, ಶನಿವಾರ, ಅರಮನೆ ಮೈದಾನ. ಜೊತೆಗೆ ನಮ್ಮಣ್ಣ. ಒಬ್ಬಳೇ ಕಳಿಸಲ್ಲ ಅಂತ ಅಮ್ಮ ಅವನನ್ನ ಕಟ್ಟಿ ಕಳಿಸಿದ್ದರು. ಅವನಿಗೆ ಬ್ಯಾಂಡಿನ ಹೆಸರೂ ನೆಟ್ಟಗೆ ಗೊತ್ತಿರಲಿಲ್ಲ. ಅವನ ತಲೆಯೆಲ್ಲ ಕ್ರಿಕೆಟ್ಟಲ್ಲಿ. ಅವತ್ತೇ ವರ್ಲ್ಡ್ ಕಪ್ಪಲ್ಲಿ ಇಂಡಿಯಾ ಬಾಂಗ್ಲಾದೇಶದ ಕೈಲಿ ಸೋತಿತ್ತಲ್ಲ, ಅದೇ ದಿನ.

ಮೊದಲು ದೆಹಲಿಯ ರಾಕ್ ಬ್ಯಾಂಡ್ ಪರಿಕ್ರಮ ನುಡಿಸಿದರು. ಆಮೇಲೆ ಇವರು ಬಂದು ಶುರು ಮಾಡಿದ್ದೇ ಹೊಸ ಆಲ್ಬಮ್ಮಿನ ಹಾಡಿಂದ. ಇಪ್ಪತ್ತು ವರ್ಷದಿಂದ ಕಾದಿದ್ದ ಜನ, ಇಂಡಿಯಾದಲ್ಲಿ ಅವರ ಮೊದಲ ಕಛೇರಿ, ಆದರೂ ಸುಲಭದ ದಾರಿ ಹಿಡೀಲಿಲ್ಲ. ಹಿಂದೆ ನಿಂತಿದ್ದ ಒಬ್ಬರು "ಇದಕ್ಕಾ ರಾತ್ರಿಯೆಲ್ಲ ಬಸ್ಸಲ್ಲಿ ಬಂದಿದ್ದು" ಅಂತ ಗೊಣಗ್ತಾ ಇದ್ದರು. ನನಗೂ ಒಳಗೊಳಗೇ ಹಾಗೇ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ.

ಆಮೇಲೆ 'ಫಿಯರ್ ಆಫ್ ದಿ ಡಾರ್ಕ್' ಬಂತು. ಆ ಗಿಟಾರಿನ ರಾಗಕ್ಕೆ ಮಾತಿಲ್ಲ ಅಲ್ವಾ, ಜನ ಬರೀ ಓ ಓ ಅಂತ ಹಾಡ್ತಾರೆ. ಪಕ್ಕಕ್ಕೆ ತಿರುಗಿದರೆ ನಮ್ಮಣ್ಣನೂ ಹಾಡ್ತಿದ್ದ! ಹಾಡೇ ಗೊತ್ತಿಲ್ಲದವನು. ಪಟ್ಟಿಯಲ್ಲಿ ಅಂಥದ್ದೊಂದು ಇರಲೇಬೇಕು, ಎಷ್ಟು ಹಳಸಲು ಅಂತ ನಾವು ಮೂಗು ಮುರಿದರೂ. ಅದು ನಮ್ಮಂಥವರಿಗಲ್ಲ, ಜೊತೆಗೆ ಬಂದ ಅಣ್ಣಂದಿರಿಗೆ.

ಹಳೇ ಕ್ಯಾಸೆಟ್, ಮಡಿಕೇರಿ
ಅಮ್ಮಾ, ಹಿಂದೆ ನಿಂತು ಗೊಣಗಿದವನು ನಾನೇ ಇರಬೇಕು! ತಮಾಷೆ ಅಲ್ಲ, ನಾನೂ ಅಲ್ಲೇ ಇದ್ದೆ. ಆ ವರ್ಷ ಹೂಮಳೆ ಕೈಕೊಟ್ಟಿತ್ತು, ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಿದ್ದೆವು. ಪೈಪು ಬದಲಿಸೋಕೆ ಜನ ಇಲ್ಲ. ನಾನು ಎರಡು ದಿನ ಬಿಟ್ಟು ಹೊರಟಿದ್ದಕ್ಕೆ ಅಪ್ಪ ಒಂದು ವಾರ ಮಾತಾಡಿರಲಿಲ್ಲ. ಅಷ್ಟೆಲ್ಲ ಮಾಡಿ ಹೋದರೆ ಆರು ತಿಂಗಳ ಹಿಂದೆ ಬಂದ ಆಲ್ಬಮ್!

ಮಿಕ್ಸಿ ಜಾರ್, ಸೋಮವಾರಪೇಟೆ
ನಾನು ಡ್ರಮ್ಸ್ ನುಡಿಸುವವನು. ಮದುವೆ ಆರ್ಕೆಸ್ಟ್ರಾದಿಂದ ಹಿಡಿದು ಎಲ್ಲ ಕಡೆ. ನೀವೆಲ್ಲ ಮರೀತಿರೋದು ಒಂದಿದೆ. ಪಟ್ಟಿ ಮಾಡೋದು ತಲೆ ಒಂದೇ ಅಲ್ಲ, ಮೈ ಕೂಡ.

ಬ್ಯಾಂಡಿನ ಡ್ರಮ್ಮರ್ ನಿಕ್ಕೊ ಮೆಕ್‌ಬ್ರೇನ್‌ಗೆ 2023ರ ಜನವರಿಯಲ್ಲಿ ಸ್ಟ್ರೋಕ್ ಆಯ್ತು. ಬಲಗಡೆ ಕೈ ಕಾಲು ಬಿದ್ದುಹೋಗಿತ್ತು. ಮೇ ತಿಂಗಳಿಗೆ ಸ್ಟೇಜ್ ಮೇಲಿದ್ದ. ಹೆಚ್ಚುಕಮ್ಮಿ ಜೀವನ ಪೂರ್ತಿ ಬಲಗಾಲಿನ ಒಂದೇ ಪೆಡಲಲ್ಲಿ ಆ ಕುದುರೆ ಓಟ ಓಡಿಸಿದ ಮನುಷ್ಯ. ವಾಪಸ್ ಬಂದ ಮೇಲೆ ವೇಗದ ಕೈಚಳಕ ಕಮ್ಮಿ ಮಾಡಿಕೊಳ್ಳಬೇಕಾಯ್ತು. ನನಗೆ ಅದನ್ನ ಕೇಳುವಾಗ ಗಂಟಲು ಕಟ್ಟುತ್ತೆ. 2024ರ ಡಿಸೆಂಬರಲ್ಲಿ ಟೂರ್ ಸಾಕು ಅಂದ. ಈಗ ಕೂತಿರೋದು ಸೈಮನ್ ಡಾಸನ್, ಬ್ಯಾಂಡಿನ ಬಾಸ್ ಗಿಟಾರಿಸ್ಟ್ ಸ್ಟೀವ್ ಹ್ಯಾರಿಸ್‌ನ ಇನ್ನೊಂದು ಬ್ಯಾಂಡಲ್ಲಿ ನುಡಿಸ್ತಿದ್ದವನು.

ಇನ್ನು ಬ್ರೂಸ್. ಟೂರ್ ಶುರುವಾದಾಗ 66. 'ಏಸಸ್ ಹೈ' ಎಷ್ಟು ಮೇಲಿನ ಶ್ರುತಿ ಅಂತ ಹಾಡಿ ನೋಡಿ, ಬಚ್ಚಲುಮನೆಯಲ್ಲಾದರೂ. 2008ರಲ್ಲಿ ಅದನ್ನ ಮೊದಲನೇ ಹಾಡಾಗಿ ಇಟ್ಟಿದ್ದರು, ಗಂಟಲು ತಾಜಾ ಇರುವಾಗ. ಈಗ ಎಲ್ಲ ಮುಗಿದ ಮೇಲೆ, ಜನ ಮತ್ತೆ ಕೂಗಿ ಕರೆದ ಮೇಲೆ ಇಟ್ಟಿದ್ದಾರೆ. ನನ್ನ ಕೇಳಿದರೆ ಈ ಪಟ್ಟಿಯ ದೊಡ್ಡ ಸುದ್ದಿಯೇ ಅದು. ಯಾವ ಹಾಡು ಅಂತಲ್ಲ, ಎಲ್ಲಿ ಅಂತ ನೋಡಬೇಕು.

ವಾಲಗದ ಮುಂದೆ, ನಾಪೋಕ್ಲು
ಎಂತ ಇಷ್ಟು ದೊಡ್ಡ ಚರ್ಚೆ? ನಮ್ಮ ಮದುವೆ ಮನೆಯಲ್ಲಿ ವಾಲಗದವರು ಎಷ್ಟು ವರ್ಷದಿಂದ ಅದೇ ನುಡಿಸ್ತಾರೆ, ಯಾರಾದ್ರೂ "ಹೊಸದು ಹಾಕಿ" ಅಂದಿದ್ದು ಕೇಳಿದ್ದೀರಾ? ಮೊದಲ ಏಟು ಬೀಳ್ತಿದ್ದ ಹಾಗೆ ಎಪ್ಪತ್ತರ ಅಜ್ಜಿಯೂ ಏಳ್ತಾರೆ. ಹಳೆಯದನ್ನೇ ಕೇಳೋಕೆ ಜನ ಬರೋದು. ಮುಗೀತು.

ಮಿಕ್ಸಿ ಜಾರ್, ಸೋಮವಾರಪೇಟೆ
ವಾಲಗಕ್ಕೂ ಇದಕ್ಕೂ ಹೋಲಿಸಬೇಡಿ ಮಾರಾಯ್ರೆ. ವಾಲಗದವರ ಕಣ್ಣು ಎಲ್ಲಿರುತ್ತೆ ನೋಡಿದ್ದೀರಾ? ಕುಣಿಯುವವರ ಕಾಲಿನ ಮೇಲೆ. ಹೆಜ್ಜೆ ಬಿರುಸಾದರೆ ಡೋಲಿನ ಪೆಟ್ಟೂ ಬಿರುಸು, ಸುಸ್ತಾದರೆ ನಿಧಾನ. ಅದೇ ವಾಲಗ, ಆದರೆ ಎರಡು ಮನೆಯಲ್ಲಿ ಒಂದೇ ಥರ ಇರಲ್ಲ. ಮೇಡನ್ ಹಾಗಲ್ಲ. ಬುಡಾಪೆಸ್ಟಲ್ಲಿ ನುಡಿಸಿದ್ದನ್ನೇ ಅದೇ ಕ್ರಮದಲ್ಲಿ ಊರೂರಲ್ಲೂ ನುಡಿಸ್ತಾರೆ. ಒಂದೊಂದು ಹಾಡಿಗೂ ಹಿಂದಿನ ದೊಡ್ಡ ಪರದೆಯಲ್ಲಿ ಒಂದೊಂದು ಚಿತ್ರ, ಲೈಟು, ಬೆಂಕಿ. ಒಂದು ಕಿತ್ತರೆ ಎಲ್ಲ ಕಿತ್ತ ಹಾಗೆ.

ಪೊನ್ನಂಪೇಟೆ ಪಿಕ್
ಹಾಗಿದ್ರೆ ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾ ಹೇಗೆ ಮಾಡ್ತಾರೆ? ಅವರೂ ಮುದುಕರೇ. 2023ರಿಂದ ಒಂದೇ ಊರಲ್ಲಿ ಎರಡು ರಾತ್ರಿ ನುಡಿಸ್ತಾರೆ, ಎರಡನೇ ರಾತ್ರಿ ಮೊದಲ ರಾತ್ರಿಯ ಒಂದು ಹಾಡೂ ಇಲ್ಲ.

ಕಣದ ಕಾವಲು, ಸಿದ್ದಾಪುರ
ಅದೇ ನಾನು ಹೇಳಿದ್ದು! ಹುಡುಗ ಬುದ್ಧಿವಂತ.

ಮೂರನೇ ತಿರುವು, ವಿರಾಜಪೇಟೆ
ಎರಡು ರಾತ್ರಿ ಅಂದ್ರೆ ಎರಡು ಟಿಕೆಟ್ಟು. ವಿರಾಜಪೇಟೆಯಿಂದ ಹೋಗೋರು ಎರಡು ರಾತ್ರಿ ಲಾಡ್ಜು, ಊಟ ಸೇರಿಸಿ ಲೆಕ್ಕ ಹಾಕಿ. 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ ಬೆಂಗಳೂರಿಗೆ ಬಂದಾಗ ಒಂದು ಟಿಕೆಟ್ಟಿಗೇ ನಾನು ಆ ತಿಂಗಳ ಚೀಟಿ ದುಡ್ಡು ತಪ್ಪಿಸಿದ್ದೆ. ಪಕ್ಕದ ಬೀದಿಯಲ್ಲೇ ಸ್ಟೇಡಿಯಂ ಇರೋರಿಗೆ ಅದು ಸರಿ.

ಹಳೇ ಕ್ಯಾಸೆಟ್, ಮಡಿಕೇರಿ
ಕಾವಲು, ನೀನು ಹೋಗಿದ್ದು ಯಾವಾಗ ಅಂತ ಹೇಳಲೇ ಇಲ್ಲ.

ಕಣದ ಕಾವಲು, ಸಿದ್ದಾಪುರ
2009. ಫೆಬ್ರವರಿ 15. ಮೈಸೂರಲ್ಲಿ ಓದ್ತಿದ್ದೆ. ಕಾಫಿ ಕುಯ್ಯುವುದಕ್ಕೆ ಬಾ ಅಂತ ಮನೆಯಿಂದ ಫೋನು, ಪರೀಕ್ಷೆ ಇದೆ ಅಂತ ಸುಳ್ಳು ಹೇಳಿ ಬೆಂಗಳೂರಿಗೆ ಬಸ್ಸು ಹತ್ತಿದ್ದೆ. ಆ ಟೂರಲ್ಲಿ ಪೂರ್ತಿ 80ರ ದಶಕದ ಹಾಡು. ಅದರ ಮೇಲೆ ಅದೇ 'ಫಿಯರ್ ಆಫ್ ದಿ ಡಾರ್ಕ್'. ನನಗೆ ಬೇಕಿದ್ದದ್ದು 2000ದ ಆಲ್ಬಮ್ಮಿನ 'ಬ್ಲಡ್ ಬ್ರದರ್ಸ್'. ಸ್ಟೀವ್ ಹ್ಯಾರಿಸ್ ಅಪ್ಪ ತೀರಿಕೊಂಡ ಮೇಲೆ ಬರೆದ ಹಾಡು. ನಮ್ಮಪ್ಪ ಹೋದ ವರ್ಷ ನಾನು ಕೇಳಿದ್ದು ಅದೊಂದೇ. ಕಣದಲ್ಲಿ ರಾತ್ರಿ ಕಾಫಿ ಕಾಯುವಾಗ ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಹಾಕಿಕೊಂಡು. ಇನ್ನೊಂದು ಕಿವಿ ಕಳ್ಳರಿಗೆ.

ಹಳೇ ಕ್ಯಾಸೆಟ್, ಮಡಿಕೇರಿ
ಅಯ್ಯೋ ಶಿವನೇ. ಹಳೆಯದು ಬೇಕಿದ್ದ ನಾನು 2007ಕ್ಕೆ ಹೋದೆ, ಹೊಸದು ಸಿಕ್ತು. ಹೊಸದು ಬೇಕಿದ್ದ ನೀನು 2009ಕ್ಕೆ ಹೋದೆ, ಹಳೆಯದು ಸಿಕ್ತು. ಟಿಕೆಟ್ ಅದಲುಬದಲು ಮಾಡಿಕೊಂಡಿದ್ದರೆ ನನ್ನಪ್ಪನ ಹತ್ತಿರ ಬೈಸಿಕೊಂಡಿದ್ದೂ ಸಾರ್ಥಕ ಆಗ್ತಿತ್ತು.

ವಾಲಗದ ಮುಂದೆ, ನಾಪೋಕ್ಲು
ಎರಡಕ್ಕೂ ಹೋಗಬಹುದಿತ್ತಲ್ಲ.

ಹಳೇ ಕ್ಯಾಸೆಟ್, ಮಡಿಕೇರಿ
2009ರಲ್ಲಿ ಕುಯ್ಲು ಮುಗಿದಿರಲಿಲ್ಲ ಸ್ವಾಮಿ. ನಿಮ್ಮ ತೋಟದಲ್ಲಿ ಕಾಫಿ ತಾನೇ ಉದುರಿ ತಾನೇ ಕಣಕ್ಕೆ ಬರುತ್ತಾ?

ಮೂರನೇ ತಿರುವು, ವಿರಾಜಪೇಟೆ
ಇನ್ನೊಂದು ವಿಷಯ. ಮನೆಗೆ ಬಂದ ಮೇಲೆ ಆ 2006ರ ಆಲ್ಬಮ್ಮನ್ನ ಮತ್ತೆ ಕೇಳಿದೆ. ಸ್ಟೇಜ್ ಮೇಲೆ ನೋಡಿದ್ದಕ್ಕೇ ಅದು ನನಗೆ ಹತ್ತಿರ ಆಯ್ತು. ಈಗ ಜಾಸ್ತಿ ಕೇಳೋದು ಅದನ್ನೇ. ಅವತ್ತು ಬರೀ ನನಗೆ ಬೇಕಾದ್ದೇ ನುಡಿಸಿದ್ದರೆ ಇದು ಸಿಕ್ತಾ ಇರಲಿಲ್ಲ. ಈ ಟೂರ್ ಮೇಲೆ ನನ್ನ ತಕರಾರು ಅದೊಂದೇ. ಜನಕ್ಕೆ ಮೊದಲೇ ಗೊತ್ತಿರೋದನ್ನೇ ಬಡಿಸಿದ್ದಾರೆ. 1990ರ ಆಲ್ಬಮ್ ಅವರೇ ಹಾಕಿಕೊಂಡ ಗೆರೆಯ ಒಳಗೇ ಇದೆ, ಆದರೂ ಅದರಿಂದ ಒಂದೂ ಇಲ್ಲ.

ಹಳೇ ಕ್ಯಾಸೆಟ್, ಮಡಿಕೇರಿ
1990ರದ್ದು ಬಿಟ್ಟಿದ್ದೇ ಪುಣ್ಯ. ಆದರೆ ಮೊದಲ ಹಾಡು ನೋಡಿದೆಯಾ ಅಮ್ಮಾ? 1981ರ ಆಲ್ಬಮ್ಮಿನ 'ಮರ್ಡರ್ಸ್ ಇನ್ ದಿ ರೂ ಮಾರ್ಗ್'. ಎಲ್ಲರಿಗೂ ಗೊತ್ತಿರೋದು ಅಂತ ಹೇಳಬೇಡ. ಪಿಕ್, ನಿನಗೆ ಗೊತ್ತಿತ್ತಾ?

ಪೊನ್ನಂಪೇಟೆ ಪಿಕ್
ಇಲ್ಲ ಅಂಕಲ್. ಈಗ ದಿನಾ ಕೇಳ್ತಿದ್ದೀನಿ.

ಮಿಕ್ಸಿ ಜಾರ್, ಸೋಮವಾರಪೇಟೆ
ಸರಿ, ಬಾಯಿಮಾತು ಸಾಕು. ಸೇರಿಸೋದು ಸುಲಭ, ಎಲ್ಲರೂ ಸೇರಿಸ್ತಾರೆ. ಕಾವಲು ಹೇಳಿದ 'ಬ್ಲಡ್ ಬ್ರದರ್ಸ್' ಏಳು ನಿಮಿಷ. ಅದು ಒಳಗೆ ಬರಬೇಕಾದರೆ ಒಂದು ಹೊರಗೆ ಹೋಗಬೇಕು. ಯಾವುದು? ಒಬ್ಬೊಬ್ಬರೇ ಹೇಳಿ. ನುಣುಚಿಕೊಳ್ಳುವ ಹಾಗಿಲ್ಲ.

ವಾಲಗದ ಮುಂದೆ, ನಾಪೋಕ್ಲು
'ರೈಮ್ ಆಫ್ ದಿ ಏನ್ಷಂಟ್ ಮ್ಯಾರಿನರ್'. 13 ನಿಮಿಷಕ್ಕೂ ಮೇಲೆ. ನಡುವೆ ಹೋಗಿ ಕಾಫಿ ಕುಡಿದು ಬರಬಹುದು. ಅದನ್ನ ತೆಗೆದರೆ ಎರಡು ಹಾಡಿಗೆ ಜಾಗ.

ಕಣದ ಕಾವಲು, ಸಿದ್ದಾಪುರ
ಅದನ್ನ ಮುಟ್ಟಿದರೆ ನಾನೇ ಜಗಳಕ್ಕೆ ಬರ್ತೀನಿ. 2009ರಲ್ಲಿ ನನಗೆ ಸಿಕ್ಕಿದ ಒಳ್ಳೆಯದು ಅದೇ. ನಡುವೆ ಎಲ್ಲ ನಿಂತು, ಹಡಗಿನ ಹಲಗೆ ಕಿರುಗುಟ್ಟುವ ಸದ್ದು ಮಾತ್ರ ಕೇಳುತ್ತಲ್ಲ, ಆಗ ಅರಮನೆ ಮೈದಾನ ಪೂರ್ತಿ ಸುಮ್ನೆ ನಿಂತಿತ್ತು. ನಾನು 'ಟು ಮಿನಿಟ್ಸ್ ಟು ಮಿಡ್‌ನೈಟ್' ತೆಗೀತೀನಿ.

ಮೂರನೇ ತಿರುವು, ವಿರಾಜಪೇಟೆ
ನಾನು 'ರ‍್ಯಾತ್‌ಚೈಲ್ಡ್'. ಕಳೆದುಕೊಂಡರೂ ಗೊತ್ತಾಗಲ್ಲ.

ಮಿಕ್ಸಿ ಜಾರ್, ಸೋಮವಾರಪೇಟೆ
ಅದು ಮೂರೇ ನಿಮಿಷ ಅಕ್ಕ. ಲೆಕ್ಕಕ್ಕೆ ಸಾಲಲ್ಲ. ಜೊತೆಗೆ ಇನ್ನೊಂದು ಕೊಡಿ.

ಮೂರನೇ ತಿರುವು, ವಿರಾಜಪೇಟೆ
ಯೋಚನೆ ಮಾಡಿ ಹೇಳ್ತೀನಿ. ಹಳೇ ಕ್ಯಾಸೆಟ್ ಅಣ್ಣ ಏನು ತೆಗೀತಾರೆ ನೋಡೋಣ.

ಹಳೇ ಕ್ಯಾಸೆಟ್, ಮಡಿಕೇರಿ
ಬೆಳಿಗ್ಗೆಯಿಂದ ಯೋಚನೆ ಮಾಡಿದೆ. ಈ ಹುಡುಗನ ಅಪ್ಪ ಹೋದ ವರ್ಷದ ಹಾಡು ಅಂದ್ರೆ ನಾನೂ ಏನಾದರೂ ಕೊಡಬೇಕಲ್ಲ. 'ರನ್ ಟು ದಿ ಹಿಲ್ಸ್' ಕೊಡ್ತೀನಿ. 1982ರಿಂದ ಕೇಳಿದ್ದೇ ಕೇಳಿದ್ದು. ಅದು ಸಾಲದೇ ಇದ್ರೆ ಅಕ್ಕನ ಮೂರು ನಿಮಿಷ ಸೇರಿಸಿಕೊಳ್ಳಿ.

ಪೊನ್ನಂಪೇಟೆ ಪಿಕ್
ಅಂಕಲ್ ಬೇಡ! ಅದನ್ನ ಮಾತ್ರ ತೆಗೀಬೇಡಿ. ನಾನು ಇನ್ನೂ ಒಂದು ಸಲವೂ ಎದುರಿಗೆ ನಿಂತು ಕೇಳಿಲ್ಲ.