ಘಾಟಿ ತಿರುವಲ್ಲಿ ಮುಂದಿನ ಚಕ್ರದಿಂದ ಟಕ್ ಟಕ್ ಸೌಂಡು, ಏನಿರಬಹುದು?

ಕಾಫಿತೋಟ: ನಮಸ್ಕಾರ, ಚಿಕ್ಕಮಗಳೂರಿಂದ. ನಂದು ಹಳೇ ಹ್ಯಾಚ್‌ಬ್ಯಾಕು, ಫ್ರಂಟ್ ವೀಲ್ ಡ್ರೈವ್. ಚಾರ್ಮಾಡಿ ಹತ್ತುವಾಗ ಸ್ಟೇರಿಂಗ್ ಪೂರ್ತಿ ತಿರುಗ್ಸಿ ಆಕ್ಸಿಲರೇಟರ್ ಕೊಟ್ರೆ ಎಡಗಡೆ ಮುಂದಿಂದ ಟಕ್ ಟಕ್ ಟಕ್ ಅಂತದೆ, ನೇರ ರೋಡಲ್ಲಿ ಏನೂ ಇಲ್ಲ. ಗ್ಯಾರೇಜಲ್ಲಿ ಗಾಡಿ ಎತ್ತಿ ನೋಡ್ದೇನೇ ಸಸ್ಪೆನ್ಷನ್ ಪೂರ್ತಿ ಹೋಗಿದೆ ಅಂತಾರೆ, ನಂಗ್ಯಾಕೋ ಡೌಟು.

ಮಲ್ನಾಡ್‌ಸ್ಪ್ಯಾನರ್: ತಡೀರಿ ಸಾರ್, ದುಡ್ಡು ಕೊಡ್ಬೇಡಿ. ಸಸ್ಪೆನ್ಷನ್ ಆಗಿದ್ರೆ ಗುಂಡಿಗೆ ಬಿದ್ದಾಗ ಲೊಡಲೊಡ ಅನ್ಬೇಕಿತ್ತು. ಇದು ಆಕ್ಸಲ್ ಹೊರಗಡೆ ತುದಿಯ ಸಿವಿ ಜಾಯಿಂಟೇ (ಸ್ಟೇರಿಂಗ್ ತಿರುಗ್ಸಿದಾಗ್ಲೂ ಇಂಜಿನ್ ಶಕ್ತೀನ ಚಕ್ರಕ್ಕೆ ಮುಟ್ಟಿಸೋ, ಒಳಗೆ ಬಾಲ್‌ಗಳಿರೋ ಕೀಲು) ಇರ್ಬೇಕು, ಅದರ ಮೇಲಿನ ರಬ್ಬರ್ ಬೂಟ್ ಹರಿದ್ರೆ ಗ್ರೀಸ್ ಈಚೆ ಬಂದು ನಮ್ಮ ಮಳೆಗಾಲದ ಕೆಸರು ಮರಳು ಒಳಗೆ ಹೋಗಿ ಬಾಲ್‌ಗಳು ಸವೀತವೆ. ಚಕ್ರ ತಿರುಗ್ಸಿ ಹಿಂದ್ಗಡೆ ಟಾರ್ಚ್ ಬಿಟ್ಟು ನೋಡಿ, ರಿಮ್ ಒಳಗೆ ಕಪ್ಪು ಗ್ರೀಸ್ ಸಿಡಿದಿರತ್ತೆ.

ಹಾಸನದ್‌ಹುಡ್ಗ: +1. ಗೂಂ ಅಂತ ಸ್ಪೀಡ್ ಜೊತೆ ಏರೋ ಸೌಂಡ್ ಆದ್ರೆ ವೀಲ್ ಬೇರಿಂಗು ಅಥವಾ ಟೈರು. ಬಲಕ್ಕೆ ತಿರುಗ್ಸಿದಾಗ ಜಾಸ್ತಿ ಆದ್ರೆ ಸಾಮಾನ್ಯವಾಗಿ ಎಡಗಡೆ ಬೇರಿಂಗು, ಭಾರ ಆ ಕಡೆ ಬೀಳತ್ತಲ್ಲ. ನಿಮ್ದು ಅದಲ್ಲ ಬಿಡಿ.

ಕಾಫಿತೋಟ: ನೋಡ್ದೆ, ಬೂಟ್ ಸುತ್ತ ಸೀಳಿದೆ, ಗ್ರೀಸ್ ಎಲ್ಲಾ ಮೆತ್ಕೊಂಡಿದೆ. ಬರೀ ಬೂಟ್ ಹಾಕ್ಸಿದ್ರೆ ಸಾಕಾ?

ಮಲ್ನಾಡ್‌ಸ್ಪ್ಯಾನರ್: ಸೌಂಡ್ ಶುರು ಆಗೋಕ್ ಮುಂಚೆ ಸಿಕ್ಕಿದ್ರೆ ಸಾಕಿತ್ತು. ಈಗ ಜಾಯಿಂಟೇ ಬದಲಾಯಿಸ್ಬೇಕು, ಬಲಗಡೆ ಬೂಟೂ ನೋಡ್ಸಿ. ಅಲ್ಲಿವರೆಗೂ ಘಾಟಿ ಕಡೆ ಹೋಗ್ಬೇಡಿ, ಜಾಯಿಂಟ್ ಮುರಿದ್ರೆ ಇಂಜಿನ್ ಓಡತ್ತೆ, ಗಾಡಿ ಮುಂದಕ್ಕೆ ಹೋಗಲ್ಲ.