ಸಹಾಯ ಬೇಕು: ಚಿಕ್ಕ ಮಕ್ಕಳಿಗೆ ಚಾಟ್‌ಬಾಟ್ ಬಗ್ಗೆ ಹೇಗೆ ಹೇಳಿಕೊಡೋದು?

ಎಲ್ಲರಿಗೂ ನಮಸ್ಕಾರ. ಮೂರನೇ ಕ್ಲಾಸಿನ ಮಕ್ಕಳಿಗೆ ಎಐ ಪರಿಚಯ ಮಾಡಿಸುತ್ತಿದ್ದೇನೆ. ಫೋಟೋ ತೋರಿಸಿ ವಸ್ತು ಗುರುತಿಸಲು ಕಲಿಸಬಹುದಾದ ಗೂಗಲ್‌ನ ವೆಬ್‌ಸೈಟ್ ಟೀಚಬಲ್ ಮಷಿನ್‌ಗೆ ಮಕ್ಕಳೇ ಪೆನ್ಸಿಲ್, ರಬ್ಬರ್ ಫೋಟೋ ತೆಗೆದು ಕಲಿಸಿದರು. ಆಮೇಲೆ ಒಬ್ಬಳು ಕ್ಯಾಮೆರಾ ಮುಂದೆ ಕತ್ತರಿ ಹಿಡಿದಳು. ಅದು ಪೆನ್ಸಿಲ್ ಎಂದಿತು! ಕಲಿಸಿದ ಎರಡರಲ್ಲೇ ಒಂದನ್ನು ಆರಿಸಬೇಕು, ಬೇರೆ ದಾರಿ ಅದಕ್ಕಿಲ್ಲ ಅಲ್ವಾ. ಇದು ಮಕ್ಕಳಿಗೆ ತಕ್ಷಣ ಹೊಳೆಯಿತು.

ತೊಡಕಿರುವುದು ಚಾಟ್‌ಬಾಟ್ ವಿಷಯದಲ್ಲಿ. ಮುಂದಿನ ಪದ ಯಾವುದಿರಬಹುದು ಅಂತ ಲೆಕ್ಕ ಹಾಕುತ್ತಾ ಉತ್ತರ ಕಟ್ಟುತ್ತದೆ ಎಂದರೆ, "ಹಾಗಾದ್ರೆ ಒಳಗೆ ಮಾತಾಡೋರು ಯಾರು ಮಿಸ್?" ಎಂದು ಕೇಳುತ್ತಾರೆ. ಉತ್ತರ ತಪ್ಪಿರಬಹುದು ಎಂದರೂ ನಂಬುವುದಿಲ್ಲ. ನನಗೆ ಜಾಸ್ತಿ ಚಿಂತೆ ಇದೇ.

ಕಂಪ್ಯೂಟರ್ ಇಲ್ಲದೆ, ಪದಚೀಟಿಗಳಲ್ಲೇ ಇದನ್ನು ಆಡಿಸಿದವರು ಇದ್ದೀರಾ? ಹೇಗೆ ಶುರು ಮಾಡಿದಿರಿ, ಮಕ್ಕಳು ಎಲ್ಲಿ ಎಡವಿದರು, ದಯವಿಟ್ಟು ಬರೆಯಿರಿ. ಸುಮ್ನೆ ಲಿಂಕ್ ಬೇಡ, ಕ್ಲಾಸಿನಲ್ಲಿ ನಡೆದದ್ದು ಬೇಕು.